ಮೂವರು ವೆಂಡರ್‌ಗಳನ್ನು ತೂಗಿ ಒಬ್ಬರನ್ನು ಆರಿಸಿದೆವು: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ರೇಟಿಂಗ್: 4/5

ಸ್ಟಾಕ್ ಮತ್ತು ಬಿಲ್ಲಿಂಗ್ ಎರಡನ್ನೂ ನೋಡಿಕೊಳ್ಳುವ ಕ್ಲೌಡ್ ಸಾಫ್ಟ್‌ವೇರ್ ಇದು. ಹೆಸರು ಹೇಳುವುದಿಲ್ಲ. ಇದೇ ಕೆಲಸ ಮಾಡುವ ಸಾಫ್ಟ್‌ವೇರ್ ಬೇಕಾದಷ್ಟಿವೆ, ಆರಿಸುವುದು ಹೇಗೆ ಅನ್ನೋದೇ ಎಲ್ಲರಿಗೂ ತಲೆಬಿಸಿ.

ಫೀಚರ್ ಪಟ್ಟಿ ಇಟ್ಟುಕೊಂಡು ಹೋಲಿಸಿದರೆ ಮೂವರೂ ಒಂದೇ. ಎಲ್ಲ ಸಾಲಿಗೂ ಟಿಕ್. ಡೆಮೊ ಅಂತೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವರದೇ ಡೇಟಾ, ಅವರದೇ ಲೆಕ್ಕ, ಇನ್ನೇನಾಗುತ್ತೆ? ಅದಕ್ಕೇ ನಮಗೆ ಯಾವಾಗಲೂ ಕಾಟ ಕೊಡುವ ಒಂದು ಬಿಲ್ಲನ್ನು ಮೂವರ ಮುಂದೂ ಇಟ್ಟೆವು. ಎರಡು ತೆರಿಗೆ ದರದ ಸರಕು, ಇಡೀ ಬಿಲ್ ಮೇಲೆ ರಿಯಾಯಿತಿ, ಆಮೇಲೆ ಅರ್ಧ ಮಾಲು ವಾಪಸ್. ಒಂದು ಸಾಫ್ಟ್‌ವೇರ್ ರಿಯಾಯಿತಿಯನ್ನೇ ಮರೆತು ಪೂರ್ತಿ ಬೆಲೆಗೆ ಕ್ರೆಡಿಟ್ ನೋಟ್ (ವಾಪಸ್ ಬಂದ ಮಾಲಿನ ಹಣವನ್ನು ಗ್ರಾಹಕರ ಲೆಕ್ಕಕ್ಕೆ ಜಮಾ ಮಾಡುವ ಚೀಟಿ) ಮಾಡಿತು. ಇನ್ನೊಬ್ಬರು 'ಕಸ್ಟಮೈಸ್ ಮಾಡಿಕೊಡ್ತೀವಿ' ಅಂದರು. ಅದರರ್ಥ ಇನ್ನೊಂದು ಬಿಲ್, ಅಲ್ವಾ? ಮೂರನೆಯವರು ಅಲ್ಲೇ ಮಾಡಿ ತೋರಿಸಿದರು. ಸ್ಕ್ರೀನ್ ನೋಡೋಕೆ ಸುಮಾರಾಗಿತ್ತು, ಲೆಕ್ಕ ಸರಿ ಇತ್ತು. ಅವರನ್ನೇ ಆರಿಸಿದೆವು. ಲೆಕ್ಕದ ವಿಷಯದಲ್ಲಿ ಇವತ್ತಿಗೂ ತಕರಾರಿಲ್ಲ.

ಅಪ್‌ಟೈಮ್ ಭರವಸೆಯನ್ನು, ಅಂದರೆ ಸಿಸ್ಟಮ್ ಎಷ್ಟು ಹೊತ್ತು ನಡೆಯುತ್ತಿರುತ್ತೆ ಅನ್ನುವ ಮಾತನ್ನು, ಸುಮ್ನೆ ಓದಿ ಬಿಡಬೇಡಿ, ಗಂಟೆಗೆ ತಿರುಗಿಸಿ ನೋಡಿ. 99.9% ಅಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸಿಸ್ಟಮ್ ಬಂದ್ ಆದರೂ ಅವರು ಮಾತು ತಪ್ಪಿದ ಹಾಗಲ್ಲ. 99.99% ಆದರೆ ಅದು 53 ನಿಮಿಷಕ್ಕೂ ಕಡಿಮೆ. ಮೊದಲೇ ತಿಳಿಸಿ ಮಾಡುವ ಮೇಂಟೆನೆನ್ಸ್ ಅನ್ನು ಎಷ್ಟೋ ಒಪ್ಪಂದಗಳಲ್ಲಿ ಈ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪರಿಹಾರವೂ ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ, ಅಷ್ಟೇ. ವ್ಯಾಪಾರ ನಿಂತ ನಷ್ಟ ನಿಮ್ಮದೇ.

ಸೆಕ್ಯುರಿಟಿಗೆ ಮೂವರೂ ಎಸ್‌ಒಸಿ 2 ವರದಿ ತೋರಿಸಿದರು. ಡೇಟಾ ಕಾಪಾಡಲು ಕಂಪನಿ ಇಟ್ಟುಕೊಂಡ ನಿಯಮಗಳನ್ನು ಹೊರಗಿನ ಆಡಿಟರ್ ಪರಿಶೀಲಿಸಿ ಕೊಡುವ ವರದಿ ಅದು. ಟೈಪ್ 1 ಒಂದು ನಿರ್ದಿಷ್ಟ ದಿನದ ಸ್ಥಿತಿ ಹೇಳುತ್ತೆ. ಟೈಪ್ 2 ಕೆಲವು ತಿಂಗಳ ಕಾಲ ಆ ನಿಯಮಗಳು ನಿಜಕ್ಕೂ ನಡೆದವಾ ಅಂತ ನೋಡುತ್ತೆ. ಕೇಳುವುದಾದರೆ ಟೈಪ್ 2 ಕೇಳಿ.

ಬೆಲೆ? ಕೊಟೇಶನ್‌ನಲ್ಲಿ ನಾವು ಆರಿಸಿದವರದೇ ಕಡಿಮೆ. ಬಳಕೆದಾರರ ಸಂಖ್ಯೆ ಬೆಳೆದ ಮೇಲೆ ಆ ಅಂತರ ಉಳಿಯಲಿಲ್ಲ. ಎಪಿಐ (ಬೇರೆ ಸಾಫ್ಟ್‌ವೇರ್ ಜೊತೆ ಜೋಡಿಸುವ ಸೌಲಭ್ಯ), ಸ್ಟೋರೇಜ್ ಎಲ್ಲ ಬೇರೆ ಚಾರ್ಜ್.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಎಕ್ಸ್‌ಪೋರ್ಟ್‌ಗೆ, ಅಂದರೆ ನಮ್ಮ ಡೇಟಾ ಹೊರಗೆ ತೆಗೆದುಕೊಳ್ಳುವ ಸೌಲಭ್ಯಕ್ಕೆ. ಒಪ್ಪಂದದಲ್ಲಿ 'ಗ್ರಾಹಕರ ಡೇಟಾ ಗ್ರಾಹಕರದೇ' ಅಂತ ಚೆನ್ನಾಗಿ ಬರೆದಿದ್ದಾರೆ. ಆದರೆ ಎಲ್ಲ ಡೇಟಾ ಇಳಿಸಿಕೊಂಡಾಗ ಸಿಕ್ಕಿದ್ದು ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಸಾದಾ ಪಟ್ಟಿ) ಫೈಲ್‌ಗಳು ಮಾತ್ರ. ಬಿಲ್‌ಗೆ ಅಂಟಿಸಿದ್ದ ಪಿಡಿಎಫ್‌ಗಳು ಇಲ್ಲ. ಯಾವ ಎಂಟ್ರಿ ಯಾರು ತಿದ್ದಿದರು ಅನ್ನುವ ಲಾಗ್ ಇಲ್ಲ. ಆ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ 00417 ಅನ್ನುವ ಐಟಂ ಕೋಡ್ 417 ಆಗಿಬಿಡುತ್ತೆ. ಇದು ವೆಂಡರ್ ತಪ್ಪಲ್ಲ, ಎಕ್ಸೆಲ್ ಬುದ್ಧಿ. ಆದರೂ ಬೇರೆ ಸಿಸ್ಟಮ್‌ಗೆ ಸಾಗಿಸುವಾಗ ಇಡೀ ಸ್ಟಾಕ್ ಕೆಡಿಸುವುದಕ್ಕೆ ಇಷ್ಟು ಸಾಕು. ಟ್ರಯಲ್ ಅವಧಿಯಲ್ಲೇ ಒಮ್ಮೆ ಪೂರ್ತಿ ಎಕ್ಸ್‌ಪೋರ್ಟ್ ತೆಗೆದು ಇನ್ನೊಬ್ಬರ ಟ್ರಯಲ್‌ಗೆ ಹಾಕಿ ನೋಡಿ. ಯಾರದು ಎಷ್ಟು ಬಿಗಿ ಹಿಡಿತ ಅಂತ ಗೊತ್ತಾಗುತ್ತೆ.

ಈ ಸಲದ ನವೀಕರಣಕ್ಕೆ ಮುಂಚೆ ಇದನ್ನೇ ಹಿಡಿದು ಕೂತೆವು. ಪಿಡಿಎಫ್‌ಗಳನ್ನು ಬಿಲ್ ನಂಬರ್ ಪ್ರಕಾರ ಕೊಡುವುದಾಗಿ ಬರೆದುಕೊಟ್ಟಿದ್ದಾರೆ. ಲಾಗ್ ಕೇಳಿದರೆ ಮಾತ್ರ ಈಗಲೂ 'ರೋಡ್‌ಮ್ಯಾಪ್‌ನಲ್ಲಿದೆ', ಅಂದರೆ ಮುಂದೆ ಮಾಡ್ತೀವಿ, ಅಂತಾರೆ. ಹಾಗಾಗಿ ಮೂರು ವರ್ಷದ ಡಿಸ್ಕೌಂಟ್ ಬಿಟ್ಟು ಒಂದೇ ವರ್ಷಕ್ಕೆ ಸಹಿ ಹಾಕಿದೆವು.