ಫೋರ್ ಬೈ ಫೋರ್ ಕೊಟ್ಟು ಫೋರ್ ಬೈ ಟೂ ತಂದೆ: ನಮ್ಮ ಫಿಫ್ತ್ ವೀಲ್ ಟ್ರೈಲರ್ ಮಟ್ಟಕ್ಕೆ ಬಂದದ್ದು ಹೀಗೆ

ಯಾರೇ ಕೇಳಲಿ, ನಾನು ಹೇಳುವುದು ಒಂದೇ. ಟೆಕ್ಸಸ್‌ನಂಥ ಕಡೆ ಇದ್ದು ಹಳೇ ಫಿಫ್ತ್ ವೀಲ್ (ಪ್ರವಾಸದಲ್ಲಿ ಒಳಗೇ ಉಳಿದುಕೊಳ್ಳುವ ದೊಡ್ಡ ಟ್ರೈಲರ್) ಎಳೆಯುವುದಾದರೆ ಉದ್ದ ಬೆಡ್‌ನ, ಪೆಟ್ರೋಲ್ ಎಂಜಿನ್‌ನ, ಒಂದು ಟನ್ ಫೋರ್ ಬೈ ಟೂ ಟ್ರಕ್ ತಗೊಳ್ಳಿ. ಬೆಡ್ ಅಂದರೆ ಟ್ರಕ್ಕಿನ ಹಿಂದಿನ ಸಾಮಾನಿನ ತೊಟ್ಟಿ. ಒಂದು ಟನ್, ಮುಕ್ಕಾಲು ಟನ್ ಅನ್ನುವುದು ಟ್ರಕ್ಕಿನ ದರ್ಜೆಯ ಹೆಸರು. ಫೋರ್ ಬೈ ಟೂನಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಎರಡೇ ಚಕ್ರ, ಫೋರ್ ಬೈ ಫೋರ್‌ನಲ್ಲಿ ನಾಲ್ಕೂ. ನಾನು ಮೊದಲು ತಂದದ್ದು ಮುಕ್ಕಾಲು ಟನ್ ಡೀಸೆಲ್ ಫೋರ್ ಬೈ ಫೋರ್. ಎಂಟು ತಿಂಗಳು ಎಳೆದೆ, ಆಮೇಲೆ ಬದಲಾಯಿಸಿದೆ.

ಟ್ರೈಲರ್ ಎರಡಕ್ಕೂ ಅದೇ. 28 ಅಡಿ, ಸಾಮಾನು ತುಂಬಿದರೆ 10,000 ಪೌಂಡ್. ಇಂಥ ಟ್ರೈಲರ್‌ನ ಮುಂದುಗಡೆ ಕೆಳಗೊಂದು ಪಿನ್ ಇರುತ್ತದೆ. ಅದು ಟ್ರಕ್ಕಿನ ಬೆಡ್‌ನಲ್ಲಿರುವ ಹಿಚ್ ಎಂಬ ಕೊಂಡಿಗೆ ಸಿಕ್ಕಿಕೊಂಡು, ಟ್ರೈಲರ್‌ನ ಮುಂಭಾರ ಅದರ ಮೇಲೆ ಕೂರುತ್ತದೆ. ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ 15ರಿಂದ 25ರಷ್ಟು. ನಮ್ಮದು 2,100 ಪೌಂಡ್.

ಮೊದಲ ಪ್ರವಾಸಕ್ಕೆ ಹೊರಟ ಬೆಳಿಗ್ಗೆ ಪಕ್ಕದಿಂದ ನೋಡಿದೆ. ಟ್ರೈಲರ್ ಮುಂದುಗಡೆ ಎದ್ದು ನಿಂತಿತ್ತು, ಹಿಂಭಾರವಾದ ಎತ್ತಿನಗಾಡಿಯ ಮೂಕಿ ಎದ್ದ ಹಾಗೆ. ಅಪ್ಪ ಹಾಸನದಲ್ಲಿ ಹೀಗೆ ಹೇರಿದ ಗಾಡಿಯನ್ನು ಗದ್ದೆಯಿಂದ ಆಚೆ ಬಿಡುತ್ತಿರಲಿಲ್ಲ. ನಾನು ಮಾತ್ರ ಹಾಗೇ ಹೊರಟೆ. ಫ್ರಿಯೋ ನದಿ ದಂಡೆಯ ಗಾರ್ನರ್ ಸ್ಟೇಟ್ ಪಾರ್ಕ್ ತಲುಪಿ ಟೈರ್ ಮುಟ್ಟಿದರೆ ಹಿಂದಿನ ಆಕ್ಸಲ್‌ನ ಎರಡೂ ಟೈರ್ ಮುಂದಿನವಕ್ಕಿಂತ ಚೆನ್ನಾಗಿ ಕಾದಿದ್ದವು. ಮುಂದೆ ಎದ್ದರೆ ಭಾರ ಹಿಂದಿನ ಆಕ್ಸಲ್‌ಗೆ ಜಾರುತ್ತದೆ. ಎರಡು ಸ್ಪ್ರಿಂಗ್ ನಡುವಿನ ಈಕ್ವಲೈಜರ್ ಅದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ, ಪೂರ್ತಿ ಅಲ್ಲ. ಟೆಕ್ಸಸ್ ಬಿಸಿಲಲ್ಲಿ ಟೈರ್ ಸಿಡಿಯುವುದಕ್ಕೆ ಇಷ್ಟು ಸಾಕು.

ಮನೆಗೆ ಬಂದು ಟ್ರೈಲರ್‌ನ ಉಕ್ಕಿನ ಚೌಕಟ್ಟಿಗೆ ರಸಮಟ್ಟ ಇಟ್ಟು ಅಳೆದೆ. ಪಿನ್ ಹತ್ತಿರ ಮೂರು ಇಂಚು ಎತ್ತರ. ಹಿಚ್ ಇಳಿಸಿದರಾಯಿತು ಅಂದುಕೊಂಡೆ. ಎರಡು ತೂತು ಕೆಳಗೆ ಬೋಲ್ಟ್ ಹಾಕಿದೆ, ಎರಡು ಇಂಚು ಇಳಿಯಿತು. ಉಳಿದ ಒಂದು ಇಂಚಿಗೆ ಟ್ರೈಲರ್‌ನ ಪಿನ್ ಬಾಕ್ಸನ್ನೇ (ಪಿನ್ ಇರುವ ಉಕ್ಕಿನ ತೋಳು) ಮೇಲೆ ಸರಿಸಿ ಕೂರಿಸಿದೆ. ರಸಮಟ್ಟದ ಗುಳ್ಳೆ ನಡುವಿಗೆ ಬಂತು.

ತೊಂದರೆ ಶುರುವಾದದ್ದು ಅಲ್ಲೇ. ಟ್ರೈಲರ್ ಇಳಿದಷ್ಟೂ ಬೆಡ್ ಮೇಲಕ್ಕೆ ಚಾಚಿರುವ ಅದರ ಮುಂಚಾಚು ಬೆಡ್‌ನ ಪಕ್ಕದ ಗೋಡೆಗೆ ಹತ್ತಿರವಾಗುತ್ತದೆ. ಅಲ್ಲಿ ಆರು ಇಂಚಾದರೂ ಸಂದು ಇರಬೇಕು. ಟ್ರೈಲರ್ ಕೂತಾಗ ನನ್ನ ಟ್ರಕ್ಕಿನ ಗೋಡೆ ನೆಲದಿಂದ 57.5 ಇಂಚು, ಮುಂಚಾಚಿನ ತಳ 62 ಇಂಚು. ಉಳಿದದ್ದು ನಾಲ್ಕೂವರೆ. ಒಂದು ಪೆಟ್ರೋಲ್ ಬಂಕಿನಿಂದ ಓರೆಯಾಗಿ ರಸ್ತೆಗಿಳಿಯುವಾಗ ಟ್ರಕ್ ಒಂದು ಕಡೆ ವಾಲಿತು, ಟ್ರೈಲರ್ ಇನ್ನೊಂದು ಕಡೆ. ತಗಡು ನಲುಗಿದ ಸದ್ದು. ಇಳಿದು ನೋಡಿದರೆ ಬಲಗಡೆ ಗೋಡೆಯ ಅಂಚು ಅಂಗೈಯಷ್ಟು ಅಗಲಕ್ಕೆ ಒಳಗೆ ಮಡಚಿತ್ತು, ಟ್ರೈಲರ್‌ನ ಫೈಬರ್ ಮೂಲೆಯಲ್ಲಿ ಬಿರುಕು. ಹೆಂಡತಿ ಆ ಬಿರುಕಿನ ಮೇಲೆ ಬೆರಳಾಡಿಸಿ ಸುಮ್ಮನೆ ನಿಂತಳು. ಆ ಟ್ರೈಲರ್‌ಗಾಗಿ ನಾಲ್ಕು ವರ್ಷ ದುಡ್ಡು ಕೂಡಿಸಿದ್ದೆವು.

ಅಂದರೆ ಆ ಟ್ರಕ್‌ಗೆ ಮಟ್ಟ ಸಿಕ್ಕರೆ ಸಂದು ಇಲ್ಲ, ಸಂದು ಸಿಕ್ಕರೆ ಮಟ್ಟ ಇಲ್ಲ. ಹಿಚ್ ಎಷ್ಟೇ ಒಳ್ಳೆಯದಿರಲಿ, ಇದಕ್ಕೆ ಅದರಲ್ಲಿ ಪರಿಹಾರವಿಲ್ಲ.

ಉಳಿದ ದಾರಿ ಟ್ರೈಲರನ್ನೇ ಎತ್ತುವುದು. ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದ್ದರೆ ಹೊಸ ಪಟ್ಟಿ ವೆಲ್ಡ್ ಮಾಡಿ ಅದನ್ನು ಮೇಲೆ ಕೂರಿಸುತ್ತಾರೆ. ಸುಮಾರು ಐದು ಇಂಚು ಏರುತ್ತದೆ. (ಆಕ್ಸಲನ್ನೇ ತಲೆಕೆಳಗು ಮಾಡಿಸಬೇಡಿ. ಅದಕ್ಕೊಂದು ಸಣ್ಣ ಬಾಗು ಇರುತ್ತದೆ, ಅದು ತಿರುಗಿದರೆ ಟೈರ್ ಸವೆಯುತ್ತದೆ.) ಕೆಲಸಕ್ಕೆ 1,400 ಡಾಲರ್ ಕೇಳಿದರು. ದುಡ್ಡಿಗಿಂತ ನನ್ನನ್ನು ತಡೆದದ್ದು ಮೆಟ್ಟಿಲು. ಅಮ್ಮ ಪ್ರತಿ ವರ್ಷ ಊರಿಂದ ಬಂದು ಎರಡು ತಿಂಗಳು ನಮ್ಮ ಜೊತೆ ಇರುತ್ತಾರೆ. ಅವರಿಗೆ ಮಂಡಿನೋವು. ಈಗಿರುವ ಮೆಟ್ಟಿಲನ್ನೇ ಬಾಗಿಲ ಹಿಡಿ ಹಿಡಿದು, ಒಂದೊಂದಕ್ಕೂ ನಿಂತು ಹತ್ತುತ್ತಾರೆ. ಇನ್ನೂ ಐದು ಇಂಚು ಏರಿಸಲು ಮನಸ್ಸು ಒಪ್ಪಲಿಲ್ಲ.

ಈಗಿನ ಫೋರ್ ಬೈ ಟೂ ನಿಂತಿರುವುದೇ ಎರಡು ಇಂಚು ತಗ್ಗಾಗಿ. ಹಿಚ್ ಒಂದೇ ತೂತು ಇಳಿಸಿದೆ, ಪಿನ್ ಬಾಕ್ಸನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿದೆ. ಗುಳ್ಳೆ ನಡುವೆ, ಸಂದು ಆರೂವರೆ ಇಂಚು. ನಾಲ್ಕೂ ಟೈರ್ ಈಗ ಒಂದೇ ಬಿಸಿ.

ಭಾರದ ವಿಷಯದಲ್ಲೂ ಇದೇ ಮೇಲು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ನೋಡಿ. ಟ್ರಕ್ ಎಷ್ಟು ಭಾರ ಹೊರಬಹುದು ಅಂತ ಅದರಲ್ಲಿರುತ್ತದೆ. ಹಳೇ ಟ್ರಕ್ಕಿನದು 2,250 ಪೌಂಡ್. ಅದರಲ್ಲಿ 2,100 ಪಿನ್‌ಗೇ ಹೋದರೆ ನಾವು ನಾಲ್ಕು ಜನ, ಹಿಚ್, ನೀರಿನ ಕ್ಯಾನ್ ಎಲ್ಲಿ? ಡೀಸೆಲ್ ಎಂಜಿನ್ ಮತ್ತು ಫೋರ್ ಬೈ ಫೋರ್ ಸಾಮಾನಿನ ತೂಕ ಈ ಲೆಕ್ಕದಲ್ಲೇ ಕಳೆಯುತ್ತದೆ. ಈಗಿನದು 4,100.

ಹಿಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಂಟಡಿ ಬೆಡ್‌ಗೆ ಜಾರುವ ಹಿಚ್ ಬೇಡ, ಅದು ಚಿಕ್ಕ ಬೆಡ್‌ನವರಿಗೆ, ತಿರುವಿನಲ್ಲಿ ಟ್ರೈಲರ್ ಮೂಲೆ ಕ್ಯಾಬಿನ್‌ಗೆ ತಾಗದಿರಲಿ ಅಂತ. ಎತ್ತರ ಬದಲಿಸಲು ಬರುವ ಸಾದಾ ಹಿಚ್ ಸಾಕು.

ಮೈಲೇಜ್ ಡೀಸೆಲ್‌ನದೇ ಚೆನ್ನಾಗಿತ್ತು.

ಮಳೆ ಬಿದ್ದ ಹುಲ್ಲಿನ ಮೇಲೆ ಒಮ್ಮೆ ಹಿಂದಿನ ಚಕ್ರ ಸುಮ್ನೆ ತಿರುಗಿತು, ಹಲಗೆ ಕೊಟ್ಟು ಹೊರಬಂದೆವು. ಕೊಲರಾಡೋ ಹಿಮದಲ್ಲಿ ಓಡಾಡುವವರಾದರೆ ಫೋರ್ ಬೈ ಫೋರ್ ಇಟ್ಟುಕೊಂಡು ಟ್ರೈಲರ್ ಎತ್ತಿಸಿಕೊಳ್ಳಿ. ನಾವು ಹೋಗುವುದು ಡಾಂಬರು ರಸ್ತೆಯಲ್ಲಿ, ಮಾರ್ಚ್‌ನಿಂದ ನವೆಂಬರ್‌ವರೆಗೆ. ಟ್ರಕ್ ನೋಡಲು ಹೋಗುವಾಗ ಅಳತೆ ಟೇಪ್ ಒಯ್ಯಿರಿ. ಅದಕ್ಕೂ ಮೊದಲು ಮನೆಯಲ್ಲಿ ಟ್ರೈಲರನ್ನು ರಸಮಟ್ಟಕ್ಕೆ ನಿಲ್ಲಿಸಿ, ಮುಂಚಾಚಿನ ತಳ ನೆಲದಿಂದ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಟ್ರಕ್ಕಿನ ಗೋಡೆ ಅದಕ್ಕಿಂತ ಆರು ಇಂಚು ಕೆಳಗಿರದಿದ್ದರೆ ಬೆಲೆ ಕೇಳಲೇಬೇಡಿ.