ಆಂಜಿಯೋ ಬಿಲ್: ಬಳ್ಳಾರಿಯ ಒಂದು ಹೃದಯ ಆಸ್ಪತ್ರೆಯ ಕೌಂಟರ್ ಹೇಗಿದೆ?

ಹೆಸರು ಬೇಡ. ಬಳ್ಳಾರಿಯ ಈ ಖಾಸಗಿ ಆಸ್ಪತ್ರೆಯ ಕ್ಯಾಥ್‌ಲ್ಯಾಬ್ (ಆಂಜಿಯೋ ಮಾಡುವ, ಸ್ಟೆಂಟ್ ಹಾಕುವ ಕೋಣೆ) ಚುರುಕು, ಬಿಲ್ಲಿಂಗ್ ಮಾತ್ರ ಅರೆಬೆಂದ ಅನ್ನ.

ಸ್ಟೆಂಟ್, ಅಂದರೆ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆಯ ವಿಚಾರದಲ್ಲಿ ಶಿಸ್ತಿದೆ. 2017ರ ಬೆಲೆ ನಿಯಂತ್ರಣ ಆದೇಶದಂತೆ ಬ್ರಾಂಡ್, ತಯಾರಕರು, ಬ್ಯಾಚ್ ನಂಬರ್, ದರ ಬೇರೆ ಸಾಲಿನಲ್ಲೇ ಬರುತ್ತವೆ. ಡಬ್ಬಿಯ ಸ್ಟಿಕ್ಕರನ್ನೂ ಕೇಸ್ ಶೀಟಿಗೆ ಅಂಟಿಸುತ್ತಾರೆ. ಎಡವಟ್ಟಿರುವುದು ಉಳಿದ ಸಾಮಾನುಗಳಲ್ಲಿ. ಶೀತ್ (ರಕ್ತನಾಳದೊಳಕ್ಕೆ ದಾರಿ ಮಾಡುವ ಕೊಳವೆ), ಗೈಡ್‌ವೈರ್, ಗೈಡಿಂಗ್ ಕ್ಯಾಥೆಟರ್, ಬಲೂನ್ ಎಲ್ಲವೂ ‘ಕನ್ಸ್ಯೂಮಬಲ್ಸ್’ (ಬಳಸಿ ಮುಗಿಯುವ ಸಾಮಾನು) ಎಂಬ ಒಂದೇ ಮೊತ್ತ! ವಿಮೆಯವರು ತಕರಾರು ತೆಗೆಯುವುದೇ ಇಲ್ಲಿ. ಐಟಂವಾರು ಬಿಲ್ ಕೇಳಿ ಪಡೆಯಿರಿ. ಆಂಜಿಯೋಗ್ರಾಂ (ರಕ್ತನಾಳದ ಎಕ್ಸ್-ರೇ ಚಿತ್ರ) ಮಾಡಿ ಅದೇ ಮೇಜಿನ ಮೇಲೆ ಸ್ಟೆಂಟ್ ಹಾಕಿದರೆ ಸಾಮಾನ್ಯವಾಗಿ ಶೀತ್ ಒಂದೇ ಸಾಕು. ಬಿಲ್ಲಿನಲ್ಲಿ ಎರಡಿದ್ದರೆ ಪ್ರೊಸೀಜರ್ ನೋಟ್ (ಏನೇನು ಮಾಡಿದರೆಂಬ ವೈದ್ಯರ ಟಿಪ್ಪಣಿ) ಜೊತೆ ತಾಳೆ ನೋಡಿ: ಕೈಯಿಂದ ದಾರಿ ಸಿಗದೆ ತೊಡೆಯಿಂದ ಹೋಗಿದ್ದರೆ ಎರಡನೆಯದು ನ್ಯಾಯವೇ.

ಕೋಡಿಂಗೂ ಸಡಿಲ. ಐಸಿಡಿ-10 ಎಂಬ ಕಾಯಿಲೆಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿಯಲ್ಲಿ ತೀವ್ರ ಹೃದಯಾಘಾತಕ್ಕೆ ಐ21, ಅಸ್ಥಿರ ಎದೆನೋವಿಗೆ ಐ20.0, ಹೃದಯದ ರಕ್ತನಾಳದ ದೀರ್ಘಕಾಲದ ಅಡಚಣೆಗೆ ಐ25.1. ಇಲ್ಲಿ ಎಲ್ಲಕ್ಕೂ ಐ25.1! ಡಿಸ್ಚಾರ್ಜ್ ಸಮರಿ ಹೃದಯಾಘಾತ ಎಂದು, ವಿಮೆ ಕ್ಲೇಮ್ ಫಾರ್ಮಿನಲ್ಲಿ ಆಸ್ಪತ್ರೆ ತುಂಬುವ ಬಿ ಭಾಗ ಹಳೆಯ ಕಾಯಿಲೆ ಎಂದು ಹೇಳಿದರೆ ‘ಪಾಲಿಸಿಗೆ ಮೊದಲೇ ಇತ್ತೇ?’ ಎಂಬ ಪ್ರಶ್ನೆ ವಿಮೆಯವರಿಂದ ಬರುವುದು ಸಹಜ. ಆಂಜಿಯೋ ಸಿಡಿಯನ್ನು ಮಾತ್ರ ಕೇಳುವ ಮೊದಲೇ ಕೊಡುತ್ತಾರೆ.