ಕನ್ನಡಕದ ಮಬ್ಬು: ಶಾಂಪೂ, ಸ್ಪ್ರೇ, ಬಟ್ಟೆ, ಇಲ್ಲವೇ ಅಂಗಿ ಜೇಬು?

ಮಂಗಳೂರು, ಉಡುಪಿಯಲ್ಲಿ ಕನ್ನಡಕ ಮಬ್ಬಾಗಲಿಕ್ಕೆ ಚಳಿಗಾಲವೇ ಬರಬೇಕೆಂದಿಲ್ಲ. ಹೊರಗೆ 30 ಡಿಗ್ರಿ ಸೆಕೆ, ಶೇ. 80 ತೇವಾಂಶ ಇದ್ದರೆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವುದರ ಮೇಲೂ ನೀರು ಕೂರುತ್ತದೆ. 22 ಡಿಗ್ರಿಯ ಎಸಿ ಬಸ್ಸಿನಿಂದ ಹಂಪನಕಟ್ಟೆಯಲ್ಲಿ ಇಳಿದ ಕೂಡಲೇ ಏನೂ ಕಾಣದಿರುವುದು ಇದೇ ಕಾರಣಕ್ಕೆ. ಆಗುಂಬೆ ಘಾಟಿಯ ಲೆಕ್ಕ ಬೇರೆ: ಅಲ್ಲಿ ಗಾಜು ತಣ್ಣಗಾಗುವುದು ಹೊರಗಿನ ಗಾಳಿಗೆ, ನೀರು ಬರುವುದು ಹೆಲ್ಮೆಟ್ಟಿನೊಳಗಿನ ನಮ್ಮದೇ ಉಸಿರಿನಿಂದ. ಎರಡಕ್ಕೂ ಒಂದೇ ಮದ್ದು ಹುಡುಕಿದವರೇ ಸ್ಪ್ರೇ ಕೊಂಡು ಬೈಯುವುದು.

ಎಸಿಯಿಂದ ಇಳಿಯುವವರಿಗೆ ಅಂಗಿ ಜೇಬಿಗಿಂತ ಒಳ್ಳೆಯದು ಯಾವುದೂ ಇಲ್ಲ. ಇಳಿಯುವ ಐದಾರು ನಿಮಿಷ ಮೊದಲು ಕನ್ನಡಕವನ್ನು ಮೆತ್ತಗಿನ ಚೀಲಕ್ಕೆ ಹಾಕಿ ಎದೆಗೆ ಒತ್ತಿದಂತೆ ಇಟ್ಟುಕೊಳ್ಳಿ. ಮೈ ಬಿಸಿಗೆ ಲೆನ್ಸು 26 ಡಿಗ್ರಿ ದಾಟಿತೆಂದರೆ ಮಬ್ಬಿನ ಪ್ರಶ್ನೆಯೇ ಇಲ್ಲ. ಪವರ್ ಜಾಸ್ತಿ ಇದ್ದವರಿಗೆ ಅಷ್ಟು ಹೊತ್ತು ಹೊರಗಿನ ಬೋರ್ಡು ಕಾಣುವುದಿಲ್ಲ, ಅದಕ್ಕೆ ಕಂಡಕ್ಟರ್ ಕೂಗುತ್ತಾರಲ್ಲ. ಕಾರಿನಲ್ಲಾದರೆ ಎಸಿ ಗಾಳಿ ಮುಖಕ್ಕೆ ಬೀಳದಂತೆ ತಿರುಗಿಸಿದರೂ ಅರ್ಧ ಕೆಲಸ ಆಯಿತು.

ದಿನನಿತ್ಯಕ್ಕೆ ನಮ್ಮ ಮತ ಕಣ್ಣು ಉರಿಯದ ಬೇಬಿ ಶಾಂಪೂವಿಗೆ. ಮೊದಲು ನಳ್ಳಿ ನೀರಿನಲ್ಲಿ ಕನ್ನಡಕ ತೊಳೆಯಬೇಕು. ಮಲ್ಪೆ, ಪಣಂಬೂರಿನ ಕಡೆ ಹೋಗಿ ಬಂದಿದ್ದರೆ ಇದನ್ನು ಬಿಡಲೇಬಾರದು, ಉಪ್ಪು ಕೂತ ಲೆನ್ಸನ್ನು ಒಣಗಿದ್ದಾಗಲೇ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಎರಡೂ ಲೆನ್ಸಿಗೆ ಸೇರಿ ಒಂದೇ ಹನಿ, ಬೆರಳ ತುದಿಯಿಂದ ಒಳಗೆ ಹೊರಗೆ ಅರ್ಧ ನಿಮಿಷ. ತಣ್ಣೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಕೊಡವಿ, ಒರೆಸದೆ ಒಣಗಲು ಬಿಡಿ. ಗೆರೆ ಉಳಿದ ಕಡೆ ಮಾತ್ರ ಹಳೆಯ ಹತ್ತಿ ಬಟ್ಟೆಯನ್ನು ಮೆಲ್ಲಗೆ ತಾಗಿಸಿದರೆ ಸಾಕು. ಬೈರಾಸಿನಿಂದ ತಿಕ್ಕಿದರೆ ಲೇಪ ಅದರೊಟ್ಟಿಗೇ ಹೋಯಿತು. ಈ ಲೇಪ ನೀರು ಕೂರುವುದನ್ನು ತಡೆಯುವುದಿಲ್ಲ. ಕೂತ ನೀರು ಸಣ್ಣ ಸಣ್ಣ ಹನಿಯಾಗದೆ ತೆಳ್ಳಗೆ ಹರಡುವಂತೆ ಮಾಡುತ್ತದೆ, ಅದರ ಮೂಲಕ ಕಾಣುತ್ತದೆ. ಬೆಳಿಗ್ಗೆ ಹಚ್ಚಿದ್ದು ಬೆವರು ತಾಗದಿದ್ದರೆ ಸಂಜೆಯವರೆಗೂ ಬಂದೀತು, ಏಪ್ರಿಲಿನ ಸೆಕೆಯಲ್ಲಿ ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಸ್ಯಾಚೆಟ್ಟಿನ ಕಂಡೀಷನರ್ ಬೆರೆತ ಶಾಂಪೂ ಬೇಡ, ಅದರ ಸಿಲಿಕೋನ್ ಜಿಡ್ಡಾಗಿ ಉಳಿಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡೂ ಶಾಂಪೂವಿನಷ್ಟೇ ಕೆಲಸ ಮಾಡುತ್ತದೆ, ಆದರೆ ಬೆವರಿನೊಟ್ಟಿಗೆ ಕಣ್ಣಿಗಿಳಿದರೆ ಉರಿ. ಪಾತ್ರೆ ತೊಳೆಯುವ ಬಾರ್ ಸಾಬೂನು ಮುಟ್ಟಲೇಬೇಡಿ, ಅದರಲ್ಲಿರುವುದು ತಿಕ್ಕುವ ಪುಡಿ. ಟೂತ್‌ಪೇಸ್ಟಿನದ್ದೂ ಅದೇ ಕತೆ. ಸ್ನಾನದ ಸಾಬೂನು ಕಡಲ ಬದಿಯ ಉಪ್ಪುನೀರಿನ ಬಾವಿಯಲ್ಲಿ ನೊರೆ ಬರದೆ ಬಿಳಿ ಗಸಿ ಬಿಡುತ್ತದೆ. ಶೇವಿಂಗ್ ಫೋಮ್ ಮಬ್ಬನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಮೂಗಿನ ಪ್ಯಾಡಿನ ಸಂದಿಯಲ್ಲಿ ಕೂತು ಹೋಗುತ್ತದೆ, ಮೆಂಥಾಲ್ ಇದ್ದರೆ ಕಣ್ಣೀರು ಬೇರೆ.

ಸ್ಪ್ರೇ ಕೊಳ್ಳುವಾಗ ಒಂದು ಎಚ್ಚರ. ಕನ್ನಡಕದಂಗಡಿಯಲ್ಲಿ ಫ್ರೇಮಿನೊಟ್ಟಿಗೆ ಕೊಡುವ ಸಣ್ಣ ಬಾಟಲಿ ಸಾಮಾನ್ಯವಾಗಿ ಬರೀ ಕ್ಲೀನರ್, ಮಬ್ಬಿಗೆ ಅದು ಏನೂ ಮಾಡುವುದಿಲ್ಲ. ‘ಆ್ಯಂಟಿ-ಫಾಗ್’ ಎಂದೇ ಬರೆದಿರಬೇಕು. ಅದಾದರೂ ಶಾಂಪೂವಿಗಿಂತ ಹೆಚ್ಚೇನೂ ಬಾಳುವುದಿಲ್ಲ. ಆ್ಯಂಟಿ-ಫಾಗ್ ಬಟ್ಟೆ ಇವೆರಡಕ್ಕಿಂತ ಸಲೀಸು: ಒಣ ಲೆನ್ಸಿನ ಮೇಲೆ ಎರಡು ಸುತ್ತು ಒರೆಸಿದರೆ ಆಯಿತು, ನೀರು ಬೇಡ. ಆದರೆ ಜಿಪ್ ಕವರಿನಿಂದ ಹೊರಗಿಟ್ಟರೆ ನಮ್ಮ ಮಳೆಗಾಲದ ಥಂಡಿಗೇ ಹಾಳಾಗುತ್ತದೆ, ಒಗೆದರಂತೂ ಮುಗಿಯಿತು. ಇನ್ನೊಂದು ಸಂಗತಿ: 2022ರಲ್ಲಿ ಪ್ರಕಟವಾದ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರ ಪರೀಕ್ಷೆಯಲ್ಲಿ ನಾಲ್ಕು ಸ್ಪ್ರೇ, ಐದು ಬಟ್ಟೆ, ಹೀಗೆ ಒಂಬತ್ತರಲ್ಲೂ ಪಿಎಫ್‌ಎಎಸ್ ಎಂಬ, ಆರೋಗ್ಯಕ್ಕೆ ಒಳ್ಳೆಯದಲ್ಲವೆಂಬ ಶಂಕೆ ಇರುವ ಫ್ಲೋರಿನ್ ಸಂಯುಕ್ತಗಳು ಸಿಕ್ಕಿದ್ದವು. ಶಾಂಪೂ ಕಡೆಗೆ ವಾಲಲು ಇದೂ ಒಂದು ಕಾರಣ.

ನೀರು ಜಾರಿ ಹೋಗುವ ಕೋಟಿಂಗ್ ಇರುವ ಲೆನ್ಸಿನ ಮೇಲೆ ಇವು ಯಾವುವೂ ಸರಿಯಾಗಿ ಹಿಡಿಯುವುದಿಲ್ಲ. ಆ ಕೋಟಿಂಗ್ ಇರುವುದೇ ನೀರನ್ನು ಹನಿಯಾಗಿಸಿ ಉರುಳಿಸಲಿಕ್ಕೆ, ನಮಗೆ ಬೇಕಾದದ್ದು ಅದು ಹರಡುವುದು. ಅಂಥವರು ಎರಡು ಸಲ ಹಚ್ಚಿ ನೋಡಬಹುದು, ಇಲ್ಲವೇ ಜೇಬನ್ನೇ ನಂಬಬೇಕು.

ಹೆಬ್ರಿ ದಾಟಿ ಘಾಟಿ ಹತ್ತುವ ಬೈಕಿನವರಿಗೆ ಬರೀ ಲೇಪ ಸಾಲದು. ಗಲ್ಲದ ಬಳಿಯ ಗಾಳಿಕಿಂಡಿ ತೆರೆದಿರಬೇಕು, ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಮುಚ್ಚಳ, ವೈಸರ್, ಒಂದು ಹಲ್ಲು ಮೇಲಿರಬೇಕು. ಓಡುವಾಗ ಕನ್ನಡಕ ತಾನಾಗಿ ತಿಳಿಯಾಗುತ್ತದೆ. ಜೋರು ಮಳೆಯಲ್ಲಿ ವೈಸರ್ ಮುಚ್ಚಲೇಬೇಕಾದಾಗ ಉಸಿರನ್ನು ಕೆಳಕ್ಕೆ ತಿರುಗಿಸುವ ಮೂಗಿನ ಪಟ್ಟಿ, ಬ್ರೆತ್ ಗಾರ್ಡ್, ಕೆಲಸಕ್ಕೆ ಬರುತ್ತದೆ. ವೈಸರಿನ ಒಳಬದಿಗೆ ಕೂರಿಸುವ ಮಬ್ಬು ತಡೆಯುವ ಹಾಳೆ, ದುಬಾರಿ ಪಿನ್‌ಲಾಕ್, ಹಾಕಿಸಿ ಕನ್ನಡಕ ಮಬ್ಬಾಗದೆಂದು ಕಾಯಬೇಡಿ. ಅದು ತಿಳಿಯಾಗಿಡುವುದು ವೈಸರನ್ನು. ಅದರ ಹಿಂದೆ ಮೂಗಿನ ಮೇಲಿರುವ ಲೆನ್ಸಿಗೂ ಅದಕ್ಕೂ ಸಂಬಂಧವಿಲ್ಲ.